ರಂಜಕ ಗೊಬ್ಬರದಲ್ಲಿ ಕ್ಯಾಡ್ಮಿಯಂ: ಮಣ್ಣು ಆರೋಗ್ಯ ಚೀಟಿಯ ಅರ್ಜಿದಾರರ ಗಮನಕ್ಕೆ

ರಂಜಕ ಗೊಬ್ಬರಗಳ ಮೂಲವಾದ ಶಿಲಾರಂಜಕದಲ್ಲಿ ಕ್ಯಾಡ್ಮಿಯಂ ಎಂಬ ಭಾರಲೋಹವು ಸ್ವಾಭಾವಿಕವಾಗಿರುತ್ತದೆ. ಇದು ಮಣ್ಣು ಹಾಗೂ ಬೆಳೆಗಳ ಮೂಲಕ ದೇಹವನ್ನು ಸೇರಿ, ದೀರ್ಘಕಾಲ ಸಂಚಯವಾದಲ್ಲಿ ಮೂತ್ರಪಿಂಡಗಳಿಗೆ ಹಾನಿಕರವಾಗಿರುತ್ತದೆ. ಆದುದರಿಂದ ಐರೋಪ್ಯ ಒಕ್ಕೂಟವು 2019ರ ನಿಯಮಾವಳಿಯನ್ವಯ, ಪ್ರತಿ ಕಿಲೋಗ್ರಾಂ ರಂಜಕದ ಪೆಂಟಾಕ್ಸೈಡಿಗೆ 60 ಮಿಲಿಗ್ರಾಂ ಕ್ಯಾಡ್ಮಿಯಂ ಮಿತಿಯನ್ನು 16-07-2022ರಿಂದ ಜಾರಿಗೊಳಿಸಿದೆ. ನಮ್ಮ ರೈತರು ಬಳಸುವ, ಶೇ. 46 ರಂಜಕದ ಪೆಂಟಾಕ್ಸೈಡ್ ಇರುವ 50 ಕಿ.ಗ್ರಾಂ. ಡಿ.ಎ.ಪಿ. ಚೀಲಕ್ಕೆ ಲೆಕ್ಕ ಹಾಕಿದಲ್ಲಿ ಈ ಮಿತಿಯು 1.38 ಗ್ರಾಂ ಆಗುತ್ತದೆ. ಪ್ರಮಾಣವು ಅಲ್ಪವಾದರೂ ವರ್ಷದಿಂದ ವರ್ಷಕ್ಕೆ ಮಣ್ಣಿನಲ್ಲಿ ಉಳಿಯುತ್ತದೆ.

2015ರಲ್ಲಿ ಪ್ರಾರಂಭವಾದ ಮಣ್ಣು ಆರೋಗ್ಯ ಚೀಟಿಯ 12 ಅಂಶಗಳಲ್ಲಿ ಕ್ಯಾಡ್ಮಿಯಂ ಸೇರಿರುವುದಿಲ್ಲ. ಆದಾಗ್ಯೂ ಚೀಟಿಯ ಎರಡು ಅಂಶಗಳು ಉಪಯುಕ್ತವಾಗಿವೆ. ಲಭ್ಯ ರಂಜಕವು ಅಧಿಕವಿದ್ದಲ್ಲಿ ಶಿಫಾರಸಿನಂತೆ ಗೊಬ್ಬರವನ್ನು ಕಡಿಮೆ ಮಾಡುವುದು. ಆಮ್ಲೀಯ ಮಣ್ಣಿನಲ್ಲಿ ಬೆಳೆಯು ಕ್ಯಾಡ್ಮಿಯಂ ಅನ್ನು ಹೆಚ್ಚಾಗಿ ಹೀರುವುದರಿಂದ, ರಸಸಾರವು ಕಡಿಮೆಯಿದ್ದಲ್ಲಿ ಶಿಫಾರಸಿನಂತೆ ಸುಣ್ಣ ಬಳಸುವುದು.