ಪಗಾರದ 200 ರೂಪಾಯಿ ಎಲ್ಲಿಗೆ ಹೋಗುತ್ತದೆ?

ದಹಿಸರ್‌ನಿಂದ ಚರ್ಚ್‌ಗೇಟ್‌ಗೆ ದಿನನಿತ್ಯ ಪಯಣಿಸುವ ತುಳು-ಕನ್ನಡಿಗ ನೌಕರರ ಪಗಾರದ ಚೀಟಿಯಲ್ಲಿ ಒಂದು ಸಣ್ಣ ಸಾಲು ಇರುತ್ತದೆ. ವೃತ್ತಿ ತೆರಿಗೆ, 200 ರೂಪಾಯಿ. ಫೆಬ್ರವರಿಯಲ್ಲಿ ಮಾತ್ರ 300. ಹನ್ನೊಂದು ತಿಂಗಳ 2,200 ಮತ್ತು ಫೆಬ್ರವರಿಯ 300 ಸೇರಿ ವರ್ಷಕ್ಕೆ 2,500 ರೂಪಾಯಿ. ವೃತ್ತಿ ತೆರಿಗೆ ಇದಕ್ಕಿಂತ ಹೆಚ್ಚಾಗಕೂಡದೆಂದು 1988ರಲ್ಲಿ ಸಂವಿಧಾನಕ್ಕೆ ತಿದ್ದುಪಡಿಯಾಗಿರುವುದರಿಂದ ಈ ಮೊತ್ತ ಬೆಳೆದಿಲ್ಲ. ಭವಿಷ್ಯನಿಧಿ, ಆದಾಯ ತೆರಿಗೆಗಳ ಲೆಕ್ಕವನ್ನು ಬೆರಳ ತುದಿಯಲ್ಲಿ ಇಟ್ಟುಕೊಂಡವರೂ ಈ ಸಾಲಿನ ಮೇಲೆ ಕಣ್ಣು ಹಾಯಿಸುವುದು ಕಡಿಮೆ. ಹೋಟೆಲು, ಅಂಗಡಿ, ಕಚೇರಿಗಳ ಮಾಲಕರಿಗೆ ಮಹಾನಗರಪಾಲಿಕೆಯಿಂದ ಬರುವ ಆಸ್ತಿ ತೆರಿಗೆ ಬಿಲ್ಲಿನಲ್ಲೂ ಇಂಥದೇ ಇನ್ನೊಂದು ಸಾಲಿದೆ. ಮರಾಠಿಯಲ್ಲಿ 'ರೋಜ್‌ಗಾರ್ ಹಮೀ ಉಪಕರ', ಅಂದರೆ ಉದ್ಯೋಗ ಖಾತರಿ ಉಪಕರ.

ಈ ಎರಡೂ ಸಾಲುಗಳ ಹಿಂದೆ ಒಂದು ದೊಡ್ಡ ವಿಚಾರವಿದೆ. ಕಷ್ಟಕಾಲದಲ್ಲಿ ಸರಕಾರ ಕೈಕಟ್ಟಿ ಕುಳಿತುಕೊಳ್ಳಬಾರದು. ದುಡಿಯಲು ಸಿದ್ಧವಿರುವವನಿಗೆ ಭಿಕ್ಷೆಯ ಬದಲು ಕೆಲಸ ಕೊಡಬೇಕು. ಆ ಕೆಲಸದಿಂದ ಊರಿಗೆ ಬಾಳಿಕೆ ಬರುವ ಏನಾದರೊಂದು ಉಳಿಯಬೇಕು ಎಂಬುದೇ ಆ ವಿಚಾರ. ಇದರ ಇತಿಹಾಸವನ್ನು ಸಂಘ-ಸಂಸ್ಥೆಗಳ ಸದಸ್ಯರು ಅರಿತುಕೊಳ್ಳುವುದು ಇಂದು ಅಗತ್ಯವಾಗಿದೆ.

1929ರಲ್ಲಿ ಅಮೆರಿಕದ ಶೇರು ಪೇಟೆ ಕುಸಿದ ಬಳಿಕ ಜಗತ್ತಿನಾದ್ಯಂತ ಆರ್ಥಿಕ ಮುಗ್ಗಟ್ಟು ಹಬ್ಬಿತು. 1933ರಲ್ಲಿ ರೂಸ್‌ವೆಲ್ಟ್ ಅಧ್ಯಕ್ಷರಾದಾಗ ಅಲ್ಲಿ ದುಡಿಯುವವರಲ್ಲಿ ಸುಮಾರು ನಾಲ್ಕರಲ್ಲೊಬ್ಬರು ಕೆಲಸ ಕಳೆದುಕೊಂಡಿದ್ದರು. ಅವರ ಸರಕಾರ ಅದೇ ವರ್ಷ ಪಬ್ಲಿಕ್ ವರ್ಕ್ಸ್ ಅಡ್ಮಿನಿಸ್ಟ್ರೇಶನ್ ಎಂಬ ಸಂಸ್ಥೆಯನ್ನೂ 1935ರಲ್ಲಿ ವರ್ಕ್ಸ್ ಪ್ರೋಗ್ರೆಸ್ ಅಡ್ಮಿನಿಸ್ಟ್ರೇಶನ್ ಎಂಬ ಇನ್ನೊಂದನ್ನೂ ಹುಟ್ಟುಹಾಕಿತು. ಎರಡನೆಯದು 1943ರವರೆಗೆ ಸುಮಾರು 85 ಲಕ್ಷ ಜನರಿಗೆ ಕೆಲಸ ಕೊಟ್ಟಿತು. ಆರೂವರೆ ಲಕ್ಷ ಮೈಲಿನಷ್ಟು ರಸ್ತೆಗಳನ್ನು, ಸುಮಾರು 1.25 ಲಕ್ಷ ಸಾರ್ವಜನಿಕ ಕಟ್ಟಡಗಳನ್ನು ಅವರು ಕಟ್ಟಿದರು ಅಥವಾ ದುರಸ್ತಿ ಮಾಡಿದರು. ಗುದ್ದಲಿಗೆ ಒರಗಿ ನಿಲ್ಲುವ ಸೋಮಾರಿಗಳು ಎಂದು ಅವರನ್ನು ಗೇಲಿ ಮಾಡಿದವರೂ ಇದ್ದರು. ಆದರೆ ನ್ಯೂಯಾರ್ಕಿನ ಲಾಗಾರ್ಡಿಯಾ ವಿಮಾನ ನಿಲ್ದಾಣ 1939ರಲ್ಲಿ ತೆರೆದದ್ದು ಈ ಯೋಜನೆಯ ಹಣ ಮತ್ತು ದುಡಿಮೆಯಿಂದ. ನ್ಯೂಜೆರ್ಸಿಯಿಂದ ಮ್ಯಾನ್‌ಹಟನ್ನಿಗೆ ನದಿಯಡಿಯಲ್ಲಿ ಸಾಗುವ, 1937ರಲ್ಲಿ ಆರಂಭವಾದ ಲಿಂಕನ್ ಸುರಂಗಕ್ಕೂ ಅಂಥದೇ ಸರಕಾರಿ ನೆರವು ಸಿಕ್ಕಿತ್ತು.

ಆಗ ಭಾರತದಲ್ಲಿ ಏನಾಯಿತು? ರೈತ ಬೆಳೆದದ್ದರ ಬೆಲೆ ಕೆಲವೇ ವರ್ಷಗಳಲ್ಲಿ ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು. ಬ್ರಿಟಿಷ್ ಸರಕಾರ ಖರ್ಚು ಹೆಚ್ಚಿಸುವ ಬದಲು ಕಡಿತದ ದಾರಿ ಹಿಡಿದು, 1931ರ ಕೊನೆಗೆ ತನ್ನ ನೌಕರರ ಸಂಬಳದಲ್ಲೇ ಶೇ. 10 ಕತ್ತರಿಸಿತು. ಮುಂಬಯಿಯ ಗಿರಣಿಗಳಲ್ಲೂ ಕೂಲಿ ಕಡಿತವಾಯಿತು. 1934ರಲ್ಲಿ ದೊಡ್ಡ ಮುಷ್ಕರವೇ ನಡೆಯಿತು. ಕೆಲಸ ಅರಸಿ ದಕ್ಷಿಣ ಕನ್ನಡದಿಂದ ಹಡಗು ಹತ್ತಿ ಬಂದವರ ಪಾಲಿಗೆ ಅದು ಕಠಿಣ ಕಾಲವಾಗಿತ್ತು.

ಅದೇ ಹೊತ್ತಿನಲ್ಲಿ ಮೈಸೂರು ಸಂಸ್ಥಾನ ಬೇರೆ ದಾರಿ ತುಳಿಯಿತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ ಸರ್ ಮಿರ್ಜಾ ಇಸ್ಮಾಯಿಲ್ 1926ರಿಂದ 1941ರವರೆಗೆ ದಿವಾನರಾಗಿದ್ದರು. ಮೈಸೂರಿನ ಕಾಮಗಾರಿಗಳು ಅಮೆರಿಕದಂತೆ ನಿರುದ್ಯೋಗ ನಿವಾರಣೆಗೆಂದೇ ಹೊರಟವುಗಳಲ್ಲ. ಕನ್ನಂಬಾಡಿ ಕಟ್ಟೆಯ ಕೆಲಸ 1911ರಲ್ಲೇ ಆರಂಭವಾಗಿತ್ತು. ಆದರೆ ಮುಗ್ಗಟ್ಟು ಬಂತೆಂದು ಗುದ್ದಲಿ ಕೆಳಗಿಡಲಿಲ್ಲ ಎಂಬುದೇ ದೊಡ್ಡ ಮಾತು. 1930ರ ದಶಕದ ಮೊದಲ ವರ್ಷಗಳಲ್ಲಿ ಕಟ್ಟೆ ಮುಗಿಯಿತು. ಹುಲಿಕೆರೆಯಲ್ಲಿ ಸುರಂಗ ಕೊರೆದು ಇರ್ವಿನ್ ನಾಲೆ ಹರಿಯಿತು. 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಂಪೆನಿ ಸ್ಥಾಪನೆಯಾಯಿತು. 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯೇ ಆಯಿತು. ಆ ನಾಲೆಗೆ ಈಗ ವಿಶ್ವೇಶ್ವರಯ್ಯನವರ ಹೆಸರಿದೆ. ಮಾಟುಂಗಾದ ಕರ್ನಾಟಕ ಸಂಘದ ಸಭಾಗೃಹಕ್ಕೆ ಇರುವುದೂ ಅವರದೇ ಹೆಸರು. ಬೆಂಗಳೂರಿನ ಪುರಭವನಕ್ಕೆ 1933ರಲ್ಲಿ ಅಡಿಗಲ್ಲು ಹಾಕಿ, 1935ರಲ್ಲಿ ಅದನ್ನು ತೆರೆಯಲಾಯಿತು. ಅರ್ಕಾವತಿಗೆ ಅಡ್ಡಲಾಗಿ ತಿಪ್ಪಗೊಂಡನಹಳ್ಳಿ ಜಲಾಶಯವೂ ಅದೇ ವರ್ಷಗಳಲ್ಲಿ ಎದ್ದುನಿಂತಿತು.

ಇವುಗಳಲ್ಲಿ ಕೆಲವು ಇಂದಿಗೂ ದುಡಿಯುತ್ತಿವೆ, ಒಂದು ಕೈಕೊಟ್ಟಿದೆ. ವಿಶ್ವೇಶ್ವರಯ್ಯ ನಾಲೆ ಮಂಡ್ಯದ ಗದ್ದೆಗಳಿಗೆ ಈಗಲೂ ನೀರುಣಿಸುತ್ತಿದೆ. ಪುರಭವನದಲ್ಲಿ ಈಗಲೂ ಸಭೆ, ನಾಟಕ ನಡೆಯುತ್ತವೆ. ಆದರೆ ದಶಕಗಳ ಕಾಲ ಬೆಂಗಳೂರಿಗೆ ನೀರು ಕೊಟ್ಟ ತಿಪ್ಪಗೊಂಡನಹಳ್ಳಿಯಿಂದ 2010ರ ದಶಕದಲ್ಲಿ ಕುಡಿಯುವ ನೀರಿನ ಪೂರೈಕೆಯೇ ನಿಂತುಹೋಯಿತು. ಕಟ್ಟೆ ಒಡೆದದ್ದಲ್ಲ, ಕಲ್ಲು ಸಡಿಲವಾದದ್ದೂ ಅಲ್ಲ. ಮೇಲಿನಿಂದ ನೀರು ಹರಿದುಬರುವ ದಾರಿಗಳು ಮುಚ್ಚಿಹೋದವು. ಬಂದಷ್ಟು ನೀರು ಕೊಳಕಾಯಿತು. ಕಷ್ಟಕಾಲದಲ್ಲಿ ಕಟ್ಟಿದ್ದು ಸುಕಾಲದ ಉದಾಸೀನಕ್ಕೆ ಬಲಿಯಾಯಿತು. ಕಟ್ಟುವುದು ಅರ್ಧ ಕೆಲಸ, ಕಾಯುವುದು ಇನ್ನರ್ಧ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಈಗ ಮಹಾರಾಷ್ಟ್ರದ ಕಡೆಗೆ ಬರೋಣ. ಇಲ್ಲಿ ಈ ವಿಚಾರ ಕಾನೂನಿನ ರೂಪ ಪಡೆದದ್ದು ಇನ್ನೂ ನಾಲ್ಕು ದಶಕಗಳ ನಂತರ. ವಿಧಾನ ಪರಿಷತ್ತಿನ ಸಭಾಪತಿಯಾಗಿದ್ದ ವಿ. ಸ. ಪಾಗೆಯವರು ಸಾಂಗ್ಲಿ ಜಿಲ್ಲೆಯವರು. ಬೇಡಿದವನಿಗೆ ಕೆಲಸ ಕೊಡುವ ಪ್ರಯೋಗವನ್ನು 1965ರಲ್ಲಿ ಅವರು ತಾಸಗಾಂವ್ ತಾಲೂಕಿನ ವಿಸಾಪುರದಲ್ಲಿ ಮಾಡಿ ನೋಡಿದ್ದರು. 1972-73ರ ಭೀಕರ ಬರದಲ್ಲಿ ಪರಿಹಾರ ಕಾಮಗಾರಿಗಳಲ್ಲಿ ಒಂದು ಹಂತದಲ್ಲಿ ಸುಮಾರು 50 ಲಕ್ಷ ಜನರು ದುಡಿಯುತ್ತಿದ್ದರು. ಕಲ್ಲು ಒಡೆದು ಜಲ್ಲಿ ಮಾಡುವುದು, ಮಣ್ಣು ಹೊರುವುದು, ಕೆರೆ ಅಗೆಯುವುದು ಅವರ ಕೆಲಸ. ಅಮೆರಿಕದಿಂದ ಬಂದ ಕೆಂಪು ಮಿಲೋ ಜೋಳ, ಕೆಲಸದ ಸ್ಥಳದಲ್ಲಿ ಕೊಡುತ್ತಿದ್ದ ಸುಕಡಿ ಅವರ ಆಹಾರ. ಸೊಲ್ಲಾಪುರ, ಸಾಂಗ್ಲಿ ಕಡೆಯ ಹಿರಿಯರ ಬಾಯಲ್ಲಿ ಈ ಎರಡು ಹೆಸರುಗಳು ಈಗಲೂ ಕೇಳಿಬರುತ್ತವೆ.

ಬರ ಮುಗಿದ ಮೇಲೆ ಆ ವ್ಯವಸ್ಥೆಯನ್ನು ಕೈಬಿಡದೆ ಶಾಶ್ವತಗೊಳಿಸಿದ್ದೇ ಮಹಾರಾಷ್ಟ್ರದ ಹೆಗ್ಗಳಿಕೆ. 1977ರಲ್ಲಿ ಉದ್ಯೋಗ ಖಾತರಿ ಕಾಯಿದೆಯಾಗಿ, 1979ರ ಜನವರಿ 26ರಿಂದ ಅದು ಜಾರಿಗೆ ಬಂತು. ಕೆಲಸ ಕೇಳಿದ 15 ದಿನಗಳಲ್ಲಿ ಕೆಲಸ ಕೊಡಬೇಕು, ಕೊಡಲಾಗದಿದ್ದರೆ ಭತ್ತೆ ಕೊಡಬೇಕು. ಕೆಲಸ ಕೇಳುವುದು ಹಕ್ಕು ಎಂದು ದೇಶದಲ್ಲಿ ಮೊದಲು ಒಪ್ಪಿಕೊಂಡದ್ದು ಈ ರಾಜ್ಯ. ಹಾಗಾದರೆ ಹಣ? ಅದನ್ನು ನಗರ ಕೊಡಬೇಕೆಂದು ತೀರ್ಮಾನವಾಯಿತು. 1975ರ ವೃತ್ತಿ ತೆರಿಗೆ ಕಾಯಿದೆ ಬಂದದ್ದು ಇದಕ್ಕಾಗಿಯೇ. ವ್ಯಾಪಾರಿ ಕಟ್ಟಡಗಳ ಮೇಲಿನ ಉಪಕರವೂ ಅದರೊಡನೆ ಸೇರಿತು. ಹೀಗೆ ಸಂಗ್ರಹವಾದಷ್ಟೇ ಮೊತ್ತವನ್ನು ಸರಕಾರ ತನ್ನ ಪಾಲಾಗಿ ಸೇರಿಸಬೇಕೆಂದೂ ಕಾನೂನು ಹೇಳಿತು. ಪಗಾರದಾರರೂ ವ್ಯಾಪಾರಿಗಳೂ ಹೆಚ್ಚಾಗಿರುವ ಮುಂಬಯಿಯೇ ಈ ಹೊರೆಯ ದೊಡ್ಡ ಪಾಲನ್ನು ಹೊತ್ತಿತು ಎಂಬುದರಲ್ಲಿ ಎರಡು ಮಾತಿಲ್ಲ. ಬ್ಯಾಂಕಿನ ಗುಮಾಸ್ತ, ಹೋಟೆಲಿನ ಮಾಲಕ, ಶಾಲೆಯ ಅಧ್ಯಾಪಕಿ, ಗಿರಣಿಯ ಮೇಸ್ತ್ರಿ, ಎಲ್ಲರೂ ಇದರಲ್ಲಿ ಪಾಲುದಾರರು.

ಈ ಹಣ ಹೋದದ್ದು ಎಲ್ಲಿಗೆ? ಬರಪೀಡಿತ ಜಿಲ್ಲೆಗಳ ಒಡ್ಡು, ರಸ್ತೆ, ಇಂಗುಕೆರೆಗಳಿಗೆ. ಸಾಂಗ್ಲಿ ಜಿಲ್ಲೆಯ ಜತ್ತ, ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆ ಮಳೆ ಕಡಿಮೆ ಬೀಳುವ ತಾಲೂಕುಗಳು. ಕನ್ನಡ ಮಾತಾಡುವ ಹಳ್ಳಿಗಳು ಹೆಚ್ಚಾಗಿರುವ ತಾಲೂಕುಗಳೂ ಅವೇ. ಮುಂಬಯಿಯ ಕನ್ನಡಿಗನ ತೆರಿಗೆಯಲ್ಲಿ ಗಡಿನಾಡ ಕನ್ನಡತಿಯ ಕೂಲಿಯೂ ಸೇರಿತ್ತು ಎಂದರೆ ಉತ್ಪ್ರೇಕ್ಷೆಯಲ್ಲ. ಕೆಲಸಕ್ಕೆ ಬಂದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಹೆಂಗಸರೇ ಇದ್ದರು. 1990ರ ಬಳಿಕ ಹಣ್ಣಿನ ತೋಟಗಳಿಗೂ ಈ ಯೋಜನೆಯ ನೆರವು ದೊರೆಯಿತು. ಹಾಗಾಗಿ ದಹಿಸರ್ ಮಾರುಕಟ್ಟೆಗೆ ಬರುವ ಮಾವು, ದಾಳಿಂಬೆಗಳಲ್ಲೂ ಈ ತೆರಿಗೆಯ ಪಾಲು ಇಲ್ಲದಿಲ್ಲ.

ಇಂಗುಕೆರೆಯ ಕೆಲಸವನ್ನು ಸ್ವಲ್ಪ ವಿವರವಾಗಿ ತಿಳಿಯುವುದು ಒಳ್ಳೆಯದು. ಹಳ್ಳಕ್ಕೆ ಅಡ್ಡಲಾಗಿ ಮಣ್ಣಿನ ಒಡ್ಡು ಹಾಕಿ ಮಳೆನೀರನ್ನು ನಿಲ್ಲಿಸುತ್ತಾರೆ. ಅದರಿಂದ ಕಾಲುವೆ ತೋಡುವುದಿಲ್ಲ. ನಿಂತ ನೀರು ನಿಧಾನವಾಗಿ ಭೂಮಿಗಿಳಿದು, ಕೆಳಗಿನ ಹೊಲಗಳ ಬಾವಿಗಳಲ್ಲಿ ಮೇಲೇಳುತ್ತದೆ. ಬೇಸಿಗೆಯಲ್ಲಿ ಕೆರೆ ಒಣಗಿದರೂ ಬಾವಿಯಲ್ಲಿ ನೀರಿದ್ದರೆ ಅದು ಯಶಸ್ಸೇ. ಆದರೆ ಪ್ರತಿ ಮಳೆಗೂ ನೀರಿನೊಂದಿಗೆ ಹೂಳು ಬರುತ್ತದೆ. ನುಣ್ಣನೆಯ ಹೂಳು ತಳದಲ್ಲಿ ಕುಳಿತರೆ ಇಂಗುವ ದಾರಿ ಮುಚ್ಚುತ್ತದೆ. ನಾಲ್ಕಾರು ವರ್ಷಕ್ಕೊಮ್ಮೆ ಹೂಳು ತೆಗೆಯದಿದ್ದರೆ ಒಡ್ಡು ಇದ್ದೂ ಇಲ್ಲದಂತೆ. ಕೆರೆ ಕಟ್ಟಿಸಲು ಹಣವಿತ್ತು, ಕಟ್ಟಿದ ಕೆರೆಯನ್ನು ಕಾಯಲು ಯಾರೂ ಇರಲಿಲ್ಲ ಎಂಬ ದೂರು ಈ ಯೋಜನೆಯ ಉದ್ದಕ್ಕೂ ಇದೆ. ಹಾಜರಿ ಪುಸ್ತಕದಲ್ಲಿ ಸುಳ್ಳು ಹೆಸರುಗಳು, ತಡವಾಗಿ ಬಟವಾಡೆಯಾದ ಕೂಲಿ, ಒಡೆದ ಜಲ್ಲಿ ರಸ್ತೆಯ ಬದಿಯಲ್ಲೇ ರಾಶಿ ಬಿದ್ದದ್ದು, ಇವೆಲ್ಲ ನಿಜವೇ. ಆದರೆ ಈ ದೋಷಗಳಿಗಾಗಿ ಯೋಜನೆಯನ್ನೇ ಹಳಿಯುವುದು ನೆಗಡಿಯಾಯಿತೆಂದು ಮೂಗನ್ನೇ ಕೊಯ್ದುಕೊಂಡಂತೆ.

ಮಹಾರಾಷ್ಟ್ರದ ಈ ಮಾದರಿಯೇ 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಉದ್ಯೋಗ ಖಾತರಿ ಕಾಯಿದೆಗೆ ದಾರಿ ತೋರಿಸಿತು. 2006ರ ಫೆಬ್ರವರಿಯಿಂದ ಅದು ಜಾರಿಗೆ ಬಂದಾಗ ಕೂಲಿಯ ವೆಚ್ಚವನ್ನು ಕೇಂದ್ರ ಹೊತ್ತಿತು. 2025ರ ಡಿಸೆಂಬರಿನಲ್ಲಿ ಸಂಸತ್ತು ಅದರ ಬದಲಿಗೆ ಹೊಸ ಕಾಯಿದೆಯನ್ನು ಅಂಗೀಕರಿಸಿತು. ದಿನಗಳು 100ರಿಂದ 125ಕ್ಕೆ ಏರಿದವು. ಜೊತೆಗೆ ಹೆಚ್ಚಿನ ರಾಜ್ಯಗಳ ಹೆಗಲಿಗೆ ವೆಚ್ಚದ ಶೇ. 40 ಪಾಲೂ ಬಂತು. ಅಂದರೆ ರಾಜ್ಯದ ಬೊಕ್ಕಸದಲ್ಲಿ ಇದಕ್ಕೆಂದು ಎಷ್ಟು ಹಣ ಮೀಸಲಿದೆ ಎಂಬ ಪ್ರಶ್ನೆ ಹಿಂದೆಂದಿಗಿಂತ ಮುಖ್ಯವಾಗಿದೆ. ಪಗಾರದ ಆ 200 ರೂಪಾಯಿಗೆ ಮತ್ತೆ ಬೆಲೆ ಬಂದಿದೆ.

ಈ ಹಿನ್ನೆಲೆಯಲ್ಲಿ ಕನ್ನಡ ಸಂಘಗಳು ಮಾಡಬಹುದಾದದ್ದು ಬಹಳವಿದೆ. ಪ್ರಾಯೋಜಕರ ನೆರವಿನಿಂದ ಶಾಲು, ಹಾರ, ಸ್ಮರಣಿಕೆಗಳ ಕಾರ್ಯಕ್ರಮಗಳು ನಡೆಯುತ್ತಲೇ ಇರುತ್ತವೆ, ನಡೆಯಲಿ. ವರ್ಷದಲ್ಲಿ ಒಂದು ಸಂಜೆಯನ್ನಾದರೂ ತೆರಿಗೆ ಕಟ್ಟುವವರ ತಿಳಿವಳಿಕೆಗಾಗಿ ಮೀಸಲಿಡಬಾರದೇಕೆ? ವೃತ್ತಿ ತೆರಿಗೆಯಿಂದ ಪ್ರತಿವರ್ಷ ಎಷ್ಟು ಸಂಗ್ರಹವಾಗುತ್ತದೆ, ಉದ್ಯೋಗ ಖಾತರಿಗೆ ಎಷ್ಟು ವಿನಿಯೋಗವಾಗುತ್ತದೆ, ಹಳೆಯ ಕೆರೆಗಳ ಹೂಳು ತೆಗೆಯಲು ಎಷ್ಟು ಇಡಲಾಗಿದೆ ಎಂದು ಶಾಸಕರನ್ನು ಕೇಳಲು ಯಾರ ಅಪ್ಪಣೆಯೂ ಬೇಕಿಲ್ಲ. 2005ರ ಮಾಹಿತಿ ಹಕ್ಕು ಕಾಯಿದೆಯಡಿ 10 ರೂಪಾಯಿಯ ಅರ್ಜಿಯೇ ಸಾಕು. ಸಂಘಗಳಲ್ಲಿ ನಿವೃತ್ತ ಬ್ಯಾಂಕ್ ಅಧಿಕಾರಿಗಳಿಗೆ, ಲೆಕ್ಕಪರಿಶೋಧಕರಿಗೆ, ವಕೀಲರಿಗೆ ಕೊರತೆಯಿಲ್ಲ. ಅವರ ಅನುಭವ ಮಹಾಸಭೆಯ ಜಮಾ-ಖರ್ಚಿಗೆ ಮಾತ್ರ ಸೀಮಿತವಾಗಬೇಕಾಗಿಲ್ಲ. ಪ್ರತಿವರ್ಷ ಬಸ್ಸು ಮಾಡಿ ತೀರ್ಥಯಾತ್ರೆಗೆ ಹೋಗುವ ತಂಡಗಳು ಪಂಢರಪುರ, ಅಕ್ಕಲಕೋಟೆಯ ದಾರಿಯಲ್ಲಿ ಒಂದು ಇಂಗುಕೆರೆಯ ಬಳಿ ಅರ್ಧ ಗಂಟೆ ನಿಂತು ಅಲ್ಲಿಯವರೊಡನೆ ಮಾತಾಡಿದರೆ, ಪಗಾರದ ಚೀಟಿಯ ಸಾಲಿಗೆ ಅರ್ಥ ಬರುತ್ತದೆ.

ದಹಿಸರ್ ಪರಿಸರದಲ್ಲೂ ಇದೇ ಪಾಠ. ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದಿಂದ ಹರಿದುಬರುವ ದಹಿಸರ್ ನದಿ 2005ರ ಜುಲೈ 26ರ ಮಹಾಮಳೆಯಲ್ಲಿ ತನ್ನ ಅಸ್ತಿತ್ವವನ್ನು ನೆನಪಿಸಿತು. ಆ ಬಳಿಕ ನದಿಯ ಅಗಲೀಕರಣಕ್ಕೆ, ತಡೆಗೋಡೆಗೆ ಸಾರ್ವಜನಿಕ ಹಣ ಖರ್ಚಾಗಿದೆ. ಗೋಡೆ ಎಷ್ಟೇ ಗಟ್ಟಿಯಿರಲಿ, ಪಾತ್ರದಲ್ಲಿ ಕಸ ತುಂಬಿದರೆ ನೀರು ಬೀದಿಗೇ ಬರುತ್ತದೆ. ನದಿಗೆ ಕಸದ ಚೀಲ ಎಸೆಯುವ ಕೈ ತನ್ನದೇ ತೆರಿಗೆಯನ್ನು ಎಸೆಯುತ್ತಿದೆ.

ಹನಿಹನಿಗೂಡಿದರೆ ಹಳ್ಳ ಎನ್ನುತ್ತಾರೆ ಹಿರಿಯರು. ತಿಂಗಳ 200 ರೂಪಾಯಿಗಳು ಸೇರಿ ನಿಜವಾಗಿಯೂ ಹಳ್ಳಗಳಿಗೆ ಒಡ್ಡುಗಳಾಗಿವೆ. ಕಟ್ಟಿದವರ ಹೆಸರು ಯಾವ ಶಿಲಾಫಲಕದಲ್ಲೂ ಇಲ್ಲ, ಹಣ ಕೊಟ್ಟವರ ಹೆಸರೂ ಇಲ್ಲ. ಹೆಸರು ಬೇಕಾಗಿಲ್ಲ. ಲೆಕ್ಕ ಮಾತ್ರ ಬೇಕು, ಕಟ್ಟಿದ್ದು ಉಳಿಯಬೇಕು. ಅದನ್ನು ಕೇಳುವ ಹಕ್ಕು ತೆರಿಗೆ ಕಟ್ಟಿದ ಪ್ರತಿಯೊಬ್ಬರಿಗೂ ಇದೆ. ಆ ಹಕ್ಕನ್ನು ಚಲಾಯಿಸುವ ಮೊದಲ ಸಂಘ ದಹಿಸರ್‌ನದ್ದೇ ಆಗಲಿ.