ಪಾರಿತೋಷಕವು ಯಾರಿಗೆ?

ರಾ. ಹ. ದೇಶಪಾಂಡೆಯವರೇ ಮೊದಲಾದ ಮಹನೀಯರು 1890ರ ಜುಲೈ 20ರಂದು ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವನ್ನು ಸ್ಥಾಪಿಸಿದಾಗ ಆ ಸೀಮೆಯಲ್ಲಿ ಮರಾಠಿಯ ಪ್ರಾಬಲ್ಯವೆಷ್ಟಿದ್ದಿತೆಂಬುದನ್ನು ನಮ್ಮ ವಾಚಕರು ಬಲ್ಲರು. ಕನ್ನಡದಲ್ಲಿ ಬರೆಯುವವರೇ ವಿರಳರಾಗಿದ್ದ ಆ ದಿನಗಳಲ್ಲಿ ಸಂಘವು ಒಳ್ಳೆಯ ಗ್ರಂಥಗಳಿಗೆ ಪಾರಿತೋಷಕವನ್ನು ಕೊಟ್ಟಿತು. ಬರೆಹವನ್ನು ಹುಟ್ಟಿಸುವುದೇ ಅದರ ಉದ್ದೇಶವಾಗಿದ್ದಿತು.

ಇಂದಿನ ಸಭೆಗಳಲ್ಲಿಯೋ, ಶಾಲು, ಹಾರ, ಫಲತಾಂಬೂಲ! ಹೆಸರಾದವರಿಗೇ ಮತ್ತೊಮ್ಮೆ ಹೆಸರು. (ಶಾಲು ಹೊದೆಯುವುದಕ್ಕಾದರೂ ಬಂದೀತು, ಹಾರವು ಮರುದಿನವೇ ಬಾಡುವುದು.) ಇದನ್ನು ನಾವು ಒಪ್ಪಲಾರೆವು. ಉಪನ್ಯಾಸಗಳ ಗತಿಯೂ ಹೀಗೆಯೇ. ದತ್ತಿಯ ಹಣದಿಂದ ನಡೆದ ಎಷ್ಟೋ ವ್ಯಾಖ್ಯಾನಗಳು ಅಚ್ಚನ್ನು ಕಾಣದೆ ಸಭಾಗೃಹದಲ್ಲಿಯೇ ಅಡಗಿಹೋಗುವುವು.

1956ರಲ್ಲಿ ನಾಡು ಒಂದಾಯಿತು, ನಿಜ. ಆದರೆ ಕಾಸರಗೋಡು, ಅಕ್ಕಲಕೋಟೆಗಳ ಕನ್ನಡಿಗರು ಹೊರಗುಳಿದರು. ರಾಜ್ಯದ ಗಡಿಯು ಅಲ್ಲಿಗೆ ಮುಟ್ಟದಿದ್ದರೂ ವಿದ್ವಾಂಸನ ಮಾತು ಮುಟ್ಟಬಹುದಷ್ಟೆ. ಪ್ರತಿಯೊಂದು ಸಂಘವೂ ವರ್ಷಕ್ಕೊಂದು ಉಪನ್ಯಾಸವನ್ನು ಅಲ್ಲಿಯ ಕನ್ನಡ ಶಾಲೆಯೊಂದರಲ್ಲಿ ನಡೆಯಿಸಿ, ಅದನ್ನು ಅಚ್ಚುಹಾಕಿಸಿ ಮಕ್ಕಳಿಗೆ ಹಂಚಲಿ. ಒಂದು ಪಾರಿತೋಷಕವನ್ನಾದರೂ ಆ ಕಡೆಯ ಹೊಸ ಲೇಖಕನ ಹಸ್ತಪ್ರತಿಗೆ ಮೀಸಲಿಡಲಿ ಎಂದು ನಾವು ಬಿನ್ನವಿಸುವೆವು. ಶಾಲು ಹಾರಗಳ ವೆಚ್ಚವನ್ನು ಉಳಿಸಿದರೆ ಈ ಕಾರ್ಯದ ಬಹುಭಾಗವು ಸಾಗೀತು.