ಯಂತ್ರ ಕೊಂಡ ಮಾತ್ರಕ್ಕೆ ನೀರು ಬಂದೀತೆ?

ಸಂತೆಯಲ್ಲಿ ಎತ್ತು ಕೊಳ್ಳುವಾಗ ನೀವು ಹಲ್ಲು ಎಣಿಸುತ್ತೀರಿ, ಸುಳಿ ನೋಡುತ್ತೀರಿ, ನಾಲ್ಕು ಹೆಜ್ಜೆ ನಡೆಸುತ್ತೀರಿ. ಒಪ್ಪಿಗೆಯಾದರೆ ಹಣ ಕೊಟ್ಟು, ಹಗ್ಗ ಹಿಡಿದು ಮನೆಗೆ ಬರುತ್ತೀರಿ. ಅಲ್ಲಿಗೆ ಮಾರಿದವನ ಹೊಣೆ ಮುಗಿಯಿತು. ಬಾಡಿಗೆ ಟ್ರ್ಯಾಕ್ಟರಿನಿಂದ ಉಳುಮೆ ಮಾಡಿಸುವಾಗ ಹಾಗಲ್ಲ. ಬದುವಿನ ಮೇಲೆ ನಿಂತು ನೇಗಿಲು ಎಷ್ಟು ಆಳಕ್ಕೆ ಇಳಿಯಿತು, ಮೂಲೆ ಉಳಿಯಿತೇ ಎಂದು ನೋಡಿ, ಉತ್ತಷ್ಟಕ್ಕೆ ಹಣ ಕೊಡುತ್ತೀರಿ. ಎತ್ತು ಸರಕು, ಉಳುಮೆ ಸೇವೆ. ಸರಕನ್ನು ಪಡೆಯುವ ಮುನ್ನ ಪರೀಕ್ಷಿಸಬೇಕು, ಸೇವೆಯನ್ನು ನಡೆಯುತ್ತಿರುವಾಗಲೇ ಅಳೆಯಬೇಕು. ಈ ವ್ಯತ್ಯಾಸವನ್ನು ರೈತನಿಗೆ ಯಾರೂ ಕಲಿಸಬೇಕಾಗಿಲ್ಲ.

ಆದರೆ ಊರಿನ ಹಣದಿಂದ ಪಂಚಾಯಿತಿ ಕೊಳ್ಳುವಾಗ ಇದನ್ನು ನಾವು ಮರೆಯುತ್ತೇವೆ. ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆಗಾಗಿ 1999ರಲ್ಲಿ ರಾಜ್ಯ ಮಾಡಿದ ಕಾನೂನು ಗ್ರಾಮ ಪಂಚಾಯಿತಿಗೂ ಅನ್ವಯಿಸುತ್ತದೆ. ಸರಕು ಕೊಳ್ಳುವುದು, ಸೇವೆ ಪಡೆಯುವುದು, ಕಾಮಗಾರಿ ಮಾಡಿಸುವುದು ಎಂದು ಅದು ಮೂರು ಬಗೆ ಹೇಳುತ್ತದೆ. ಕೇಂದ್ರ ಸರ್ಕಾರ ತನ್ನ ಖರೀದಿಗೆ 2017ರಲ್ಲಿ ಹೊರಡಿಸಿದ ಹಣಕಾಸು ನಿಯಮಗಳ ಪ್ರಕಾರ ಯಂತ್ರ, ಔಷಧಿ, ಬಿಡಿಭಾಗ, ಜಾನುವಾರು ಎಲ್ಲವೂ ಸರಕು. ನೆಲ ಕೊರೆಯುವುದು, ವಾಹನ ಬಾಡಿಗೆಗೆ ಪಡೆಯುವುದು ಸೇವೆ. ತೊಡಕಿರುವುದು ಮುಂದಿನ ಮಾತಿನಲ್ಲಿ. ಸರಕಿನ ಜೊತೆಗೆ ಬರುವ ಸಾಗಣೆ, ಜೋಡಣೆ, ತರಬೇತಿ, ನಿರ್ವಹಣೆಯನ್ನೂ ಸರಕಿನಲ್ಲೇ ಸೇರಿಸಬಹುದು. ನಿರ್ವಹಣೆಯನ್ನು ಪ್ರತ್ಯೇಕವಾಗಿ ವಹಿಸಿದರೆ ಅದೇ ಸೇವೆಯಾಗುತ್ತದೆ.

ಇದು ಕಚೇರಿಯ ಲೆಕ್ಕಾಚಾರ, ನಮಗೇಕೆ ಎನ್ನಬೇಡಿ. ಶುದ್ಧ ಕುಡಿಯುವ ನೀರಿನ ಘಟಕಗಳನ್ನೇ ನೋಡಿ. ಅನೇಕ ಊರುಗಳಲ್ಲಿ ಅವು ಕೆಟ್ಟು, ಬೀಗ ಹಾಕಿಕೊಂಡು ನಿಂತಿವೆ. ಘಟಕದೊಳಗೆ ಒಂದು ತೆಳುವಾದ ಪೊರೆ ಇರುತ್ತದೆ. ಕೊಳವೆ ಬಾವಿಯ ನೀರು ಗಡಸಾದಷ್ಟೂ ಅದು ಬೇಗ ಕಟ್ಟಿಕೊಳ್ಳುತ್ತದೆ. ಆಗಾಗ ತೊಳೆಯಬೇಕು, ಕಾಲಕಾಲಕ್ಕೆ ಬದಲಿಸಬೇಕು. ಟೆಂಡರಿನಲ್ಲಿ "ಘಟಕ ಸರಬರಾಜು ಮತ್ತು ಜೋಡಣೆ" ಎಂದಷ್ಟೇ ಬರೆದಿದ್ದರೆ, ಯಂತ್ರ ನಿಂತು ಒಂದು ದಿನ ನೀರು ಸುರಿದರೆ ಬಿಲ್ಲು ಪಾಸಾಗುತ್ತದೆ. ಮುಂದೆ ಪೊರೆ ಕಟ್ಟಿಕೊಂಡಾಗ ಕರೆದರೆ, "ನಾನು ಕೊಡಬೇಕಾಗಿದ್ದು ಯಂತ್ರ, ಕೊಟ್ಟಾಯಿತು" ಎನ್ನುತ್ತಾನೆ ಗುತ್ತಿಗೆದಾರ. ಅವನು ಹೇಳುವುದು ಕಾಗದದ ಪ್ರಕಾರ ಸರಿಯೇ. ಊರಿಗೆ ಬೇಕಾಗಿದ್ದುದು ನೀರು, ನಾವು ಕೊಂಡದ್ದು ಯಂತ್ರ. ತಪ್ಪು ಅಲ್ಲಿದೆ.

ಸರಕಾದರೆ ದರ ಹೋಲಿಸುವುದು ಸುಲಭ, ಲೆಕ್ಕ ತಪಾಸಣೆಯೂ ಬೇಗ ಮುಗಿಯುತ್ತದೆ ಎಂಬುದು ಅಧಿಕಾರಿಗಳ ವಾದ. ಅದರಲ್ಲಿ ಹುರುಳಿಲ್ಲದೆ ಇಲ್ಲ. ಎಲ್ಲವನ್ನೂ ಸೇವೆ ಎಂದರೂ ನಷ್ಟವೇ. ವರ್ಷಗಟ್ಟಲೆ ಟ್ಯಾಂಕರಿಗೆ ಬಾಡಿಗೆ ಕಟ್ಟಿದ ಊರಿಗೆ ಕೊನೆಗೆ ಒಂದು ಚಕ್ರವೂ ಉಳಿಯುವುದಿಲ್ಲ. ಆದ್ದರಿಂದ ಹೆಸರು ಯಾವುದೇ ಇರಲಿ, ಹಣ ಯಾವುದಕ್ಕೆ ಸಲ್ಲುತ್ತದೆ ಎಂಬುದು ಮುಖ್ಯ. ಹಣದ ಒಂದು ಭಾಗವನ್ನು ತಡೆಹಿಡಿದು, ಘಟಕ ನೀರು ಕೊಟ್ಟ ದಿನಗಳನ್ನು ಎಣಿಸಿ ಕೊಡುವಂತೆ ಕರಾರಿನಲ್ಲೇ ಬರೆಸುವುದು ಉಚಿತ.

ತೆರಿಗೆಯ ವಿಚಾರವೂ ಇದರೊಡನೆ ಸೇರಿದೆ. ಕುಡಿಯುವ ನೀರು ಸಂವಿಧಾನದ ಹನ್ನೊಂದನೆಯ ಅನುಸೂಚಿಯಲ್ಲಿ ಪಂಚಾಯಿತಿಗೆ ವಹಿಸಬಹುದಾದ 29 ವಿಷಯಗಳಲ್ಲಿ ಒಂದು. ಇಂಥ ಕೆಲಸಕ್ಕೆ ಪಂಚಾಯಿತಿ ಬರಿಯ ಸೇವೆ ಪಡೆದರೆ ಜಿಎಸ್‌ಟಿ ಇಲ್ಲ. ಸೇವೆಯ ಜೊತೆಗೆ ಸಾಮಾನೂ ಸೇರಿದ್ದರೆ, ಅದರ ಬೆಲೆ ಒಟ್ಟು ಮೊತ್ತದ ಶೇಕಡಾ 25 ಮೀರಬಾರದು. 10,000 ರೂಪಾಯಿಯ ದುರಸ್ತಿಯಲ್ಲಿ ಬಿಡಿಭಾಗ 2,000 ರೂಪಾಯಿಯದಾದರೆ ವಿನಾಯಿತಿ ಉಂಟು. 4,000 ಆದರೆ ಇಲ್ಲ. ಬಿಲ್ಲಿನಲ್ಲಿ ಕೂಲಿ ಮತ್ತು ಸಾಮಾನನ್ನು ಬೇರೆ ಬೇರೆ ತೋರಿಸದಿದ್ದರೆ ಇದನ್ನು ತಿಳಿಯುವುದಾದರೂ ಹೇಗೆ?

ಮುಂದಿನ ಗ್ರಾಮಸಭೆಗೆ ಹೋದಾಗ ಮೂರು ಪ್ರಶ್ನೆ ಕೇಳಿರಿ. ನಾವು ಕೊಳ್ಳುತ್ತಿರುವುದು ವಸ್ತುವೋ, ಕೆಲಸವೋ? ಕೆಟ್ಟರೆ ಎಷ್ಟು ದಿನದೊಳಗೆ, ಯಾರು ರಿಪೇರಿ ಮಾಡಬೇಕು? ಮಾಡದಿದ್ದರೆ ತಡೆಹಿಡಿಯಲು ಹಣ ಉಳಿದಿದೆಯೇ? ಉತ್ತರ ಬಾರದಿದ್ದರೆ, 2005ರ ಮಾಹಿತಿ ಹಕ್ಕು ಕಾಯಿದೆಯಂತೆ ಅರ್ಜಿ ಕೊಟ್ಟು ಕರಾರಿನ ನಕಲು ಪಡೆಯಿರಿ. ಓದಲು ಬಲ್ಲವರು ವಾಚನಾಲಯದಲ್ಲಿ ಎಲ್ಲರಿಗೂ ಓದಿ ಹೇಳಲಿ. ಸ್ವಂತ ಹಣದಿಂದ ಎತ್ತು ಕೊಳ್ಳುವಾಗ ಹಲ್ಲು ಎಣಿಸುವ ನಾವು, ಊರಿನ ಹಣದಿಂದ ಕೊಳ್ಳುವಾಗ ಕಣ್ಣು ಮುಚ್ಚಿಕೊಳ್ಳುವುದು ತರವಲ್ಲ.